ಎಲುಬಿನಲ್ಲಿ ನೆಲೆಸುವ ನೀರಿನ ದೋಷ: ಫ್ಲೋರೋಸಿಸ್ ರೋಗದ ಸ್ವರೂಪ ಮತ್ತು ಪತ್ತೆ



ಶ್ರೀಮಠದ ಪ್ರಸಾದದ ಪಂಕ್ತಿಯಲ್ಲಿ ನೆಲದ ಮೇಲೆ ಕುಳಿತುಕೊಳ್ಳಲಾರದೆ ಕುರ್ಚಿ ಕೇಳುವವರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದೆ. ಅವರೆಲ್ಲರೂ ಎಪ್ಪತ್ತು ದಾಟಿದ ಹಿರಿಯರೇ ಆಗಿದ್ದರೆ ಈ ಲೇಖನದ ಅಗತ್ಯವಿರುತ್ತಿರಲಿಲ್ಲ. ನಲವತ್ತು, ನಲವತ್ತೈದರ ಪ್ರಾಯದ ರೈತರು, ಕೂಲಿ ಕಾಯಕದ ತಾಯಂದಿರು ಅವರಲ್ಲಿದ್ದಾರೆ. ಇಷ್ಟಲಿಂಗ ಪೂಜೆಗೆ ಪದ್ಮಾಸನ ಹಾಕಲಾಗದು, ಬಾಗಿ ನಮಸ್ಕರಿಸಲಾಗದು, ಕತ್ತು ಹೊರಳಿಸಿ ಪಕ್ಕದವರನ್ನು ನೋಡಬೇಕಾದರೆ ಇಡೀ ಮೈಯನ್ನೇ ತಿರುಗಿಸಬೇಕು. ಏನಾಯಿತೆಂದು ಕೇಳಿದರೆ ಬರುವ ಉತ್ತರ ಒಂದೇ: ವಾಯು ಹಿಡಿದಿದೆ. ಔಷಧವೂ ಒಂದೇ: ಅಂಗಡಿಯಲ್ಲಿ ಸಿಗುವ ನೋವಿನ ಗುಳಿಗೆ.

ಎಲ್ಲ ಕೀಲುನೋವೂ ವಾಯುವಲ್ಲ, ಎಲ್ಲವೂ ವಯಸ್ಸಿನ ಫಲವೂ ಅಲ್ಲ. ಕೊಪ್ಪಳ, ರಾಯಚೂರು, ಗದಗ, ಬಾಗಲಕೋಟೆ, ಬಳ್ಳಾರಿ, ಚಿತ್ರದುರ್ಗ, ತುಮಕೂರು, ಕೋಲಾರ ಮೊದಲಾದ ಜಿಲ್ಲೆಗಳ ಅನೇಕ ಗ್ರಾಮಗಳಲ್ಲಿ ಎಲುಬು ಮತ್ತು ಕೀಲುಗಳನ್ನು ಹಿಡಿದಿಡುವ ಒಂದು ರೋಗಕ್ಕೆ ಕುಡಿಯುವ ನೀರೇ ಮೂಲವಾಗಿದೆ. ಅದರ ಹೆಸರು ಫ್ಲೋರೋಸಿಸ್. ಅದು ಎಲುಬಿನೊಳಗೆ ಮಾಡುವುದೇನು, ಉಳಿದ ಕೀಲುರೋಗಗಳಿಂದ ಅದನ್ನು ವೈದ್ಯರು ಬೇರ್ಪಡಿಸುವ ಬಗೆ ಎಂತು ಎಂಬುದನ್ನು ಇಲ್ಲಿ ವಿವರಿಸಲು ಬಯಸುತ್ತೇವೆ.

ಕಲ್ಲಿನಿಂದ ನೀರಿಗೆ

ನಮ್ಮ ಬಯಲುಸೀಮೆಯ ನೆಲದಡಿಯಲ್ಲಿರುವುದು ಬಹುಪಾಲು ಗ್ರಾನೈಟ್ ಮತ್ತು ನೈಸ್ ಜಾತಿಯ ಪುರಾತನ ಶಿಲೆ. ಆ ಶಿಲೆಯಲ್ಲಿ ಫ್ಲೋರೈಟ್, ಅಪಟೈಟ್, ಕಾಗೆಬಂಗಾರ ಮೊದಲಾದ ಖನಿಜಗಳಿವೆ. ಅವುಗಳಲ್ಲಿ ಫ್ಲೋರಿನ್ ಅಡಕವಾಗಿದೆ. ಬಂಡೆಯ ಬಿರುಕುಗಳಲ್ಲಿ ದೀರ್ಘಕಾಲ ನಿಂತ ನೀರು ಅದನ್ನು ನಿಧಾನವಾಗಿ ಕರಗಿಸಿಕೊಳ್ಳುತ್ತದೆ. ನಮ್ಮ ಅಜ್ಜಂದಿರು ಕುಡಿದದ್ದು ಕೆರೆಯ ನೀರು, ಹಳ್ಳದ ಒರತೆಯ ನೀರು, ಸೇದುವ ಬಾವಿಯ ಮೇಲ್ಪದರದ ನೀರು. ಮಳೆ ಕೈಕೊಟ್ಟಂತೆ, ಕೆರೆಗಳು ಹೂಳು ತುಂಬಿದಂತೆ ನಾವು ಕೊಳವೆಬಾವಿಗೆ ಮೊರೆಹೋದೆವು. ಅದು ಬತ್ತಿದಂತೆ ಇನ್ನೂ ಆಳಕ್ಕೆ ಕೊರೆದೆವು. ಆಳಕ್ಕೆ ಹೋದಷ್ಟೂ ಬಂಡೆಯೊಡನೆ ಹೆಚ್ಚು ಕಾಲ ಕಳೆದ ನೀರು ದೊರೆಯುವ ಸಂಭವ ಹೆಚ್ಚು.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಬೇಕಾಗಿದೆ. 'ನಮ್ಮೂರ ನೀರು ಸವಳಲ್ಲ, ಬಹಳ ರುಚಿ' ಎಂದು ಭಕ್ತರು ಹೆಮ್ಮೆಯಿಂದ ಹೇಳುವುದುಂಟು. ಫ್ಲೋರೈಡಿಗೆ ಈ ಪ್ರಮಾಣದಲ್ಲಿ ರುಚಿಯಿಲ್ಲ, ಬಣ್ಣವಿಲ್ಲ, ವಾಸನೆಯಿಲ್ಲ. ನೀರಿನಲ್ಲಿ ಕ್ಯಾಲ್ಸಿಯಂ ಹೆಚ್ಚಿದ್ದರೆ ಅದು ಫ್ಲೋರೈಡನ್ನು ಹಿಡಿದು ಕೆಳಗಿಳಿಸುತ್ತದೆ. ಆದುದರಿಂದ ಕ್ಯಾಲ್ಸಿಯಂ ಕಡಿಮೆಯಿರುವ, ಸಾಬೂನು ಚೆನ್ನಾಗಿ ನೊರೆ ಬಿಡುವ ಮೆದು ನೀರಿನಲ್ಲಿಯೇ ಫ್ಲೋರೈಡ್ ಹೆಚ್ಚಿರುವ ಸಂಭವವಿದೆ. ನಾಲಿಗೆ ಇದನ್ನು ಹೇಳಲಾರದು.

ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನ ಒಂದು ಲೀಟರಿನಲ್ಲಿ ಫ್ಲೋರೈಡ್ 1.0 ಮಿಲಿಗ್ರಾಂ ಮೀರಬಾರದು; ಬೇರೆ ಮೂಲವೇ ಇಲ್ಲದಿದ್ದಲ್ಲಿ 1.5 ಮಿಲಿಗ್ರಾಂವರೆಗೆ ಸಹಿಸಬಹುದು. ಈ ಲೆಕ್ಕವನ್ನು ಹೊಲದ ಬದುಕಿಗೆ ಹಚ್ಚಿ ನೋಡೋಣ. ನೆರಳಿನಲ್ಲಿ ಕುಳಿತು ದಿನಕ್ಕೆ 2 ಲೀಟರ್ ನೀರು ಕುಡಿಯುವವನಿಗೆ 1.5ರ ನೀರಿನಿಂದ 3 ಮಿಲಿಗ್ರಾಂ ಸೇರುತ್ತದೆ. ಬೇಸಿಗೆಯ ಬಿಸಿಲಿನಲ್ಲಿ ದುಡಿದು 4 ಲೀಟರ್ ಕುಡಿಯುವ ರೈತನ ಊರಿನ ನೀರು 3 ಮಿಲಿಗ್ರಾಂನದ್ದಾಗಿದ್ದರೆ ಅವನ ದೇಹಕ್ಕೆ ಸೇರುವುದು 12 ಮಿಲಿಗ್ರಾಂ. ಅದೇ ನೀರಿನಲ್ಲಿ ಬೇಯಿಸಿದ ಅನ್ನ, ಬೇಳೆ, ಅಂಬಲಿಯ ಪಾಲು ಇದಕ್ಕೆ ಸೇರಿಲ್ಲ. ನೀರಿನ ಫ್ಲೋರೈಡ್ ಎರಡರಷ್ಟಾದರೆ ದುಡಿಯುವವನ ಮೈಗೆ ಹೊರೆ ನಾಲ್ಕರಷ್ಟಾಗುತ್ತದೆ. ಮೈಮುರಿದು ಕಾಯಕ ಮಾಡುವವನಿಗೇ ಈ ರೋಗ ಮೊದಲು ತಗುಲುವುದು ಈ ಕಾರಣದಿಂದ.

ಎಲುಬಿನೊಳಗೆ ನಡೆಯುವುದು

ಎಲುಬು ಕಲ್ಲಿನಂತೆ ಜಡವಸ್ತುವೆಂದು ನಾವು ಭಾವಿಸುತ್ತೇವೆ. ನಿಜಕ್ಕೂ ಅದು ಜೀವಂತ ಅಂಗ. ಒಂದು ಬಗೆಯ ಕೋಶಗಳು ಹಳೆಯ ಎಲುಬನ್ನು ಕರಗಿಸುತ್ತಿರುತ್ತವೆ, ಇನ್ನೊಂದು ಬಗೆಯ ಕೋಶಗಳು ಹೊಸದನ್ನು ಕಟ್ಟುತ್ತಿರುತ್ತವೆ. ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಸೇರಿ ಆದ ಹೈಡ್ರಾಕ್ಸಿಅಪಟೈಟ್ ಎಂಬ ಹರಳು ಈ ಕಟ್ಟಡದ ಇಟ್ಟಿಗೆ. ಫ್ಲೋರೈಡ್ ಆ ಹರಳಿನೊಳಗಿನ ಒಂದು ಘಟಕವನ್ನು ಹೊರದೂಡಿ ತಾನು ಅಲ್ಲಿ ಕುಳಿತುಕೊಳ್ಳುತ್ತದೆ. ಹೀಗಾದ ಹರಳು ಸುಲಭವಾಗಿ ಕರಗದು. ಅಷ್ಟೇ ಅಲ್ಲದೆ, ಎಲುಬು ಕಟ್ಟುವ ಕೋಶಗಳನ್ನು ಫ್ಲೋರೈಡ್ ಅತಿಯಾಗಿ ಪ್ರಚೋದಿಸುತ್ತದೆ. ಕರಗುವುದು ಕಡಿಮೆ, ಕಟ್ಟುವುದು ಹೆಚ್ಚು. ಎಲುಬು ದಪ್ಪವಾಗುತ್ತದೆ, ಸಾಂದ್ರವಾಗುತ್ತದೆ.

ದಪ್ಪವಾದರೆ ಒಳ್ಳೆಯದಲ್ಲವೇ ಎಂಬ ಪ್ರಶ್ನೆ ಸಹಜ. ಹದ ತಪ್ಪಿದ ಮಣ್ಣಿನಲ್ಲಿ ಮಾಡಿದ ಗಡಿಗೆ ಎಷ್ಟು ದಪ್ಪವಾಗಿದ್ದರೇನು, ಸಣ್ಣ ಪೆಟ್ಟಿಗೂ ಸೀಳುತ್ತದೆ. ಫ್ಲೋರೈಡಿನಿಂದ ಬೆಳೆದ ಎಲುಬಿನ ಹೆಣಿಗೆ ಅಸ್ತವ್ಯಸ್ತವಾದುದು. ನೋಡಲು ಗಟ್ಟಿ, ತಾಳಿಕೆಯಲ್ಲಿ ದುರ್ಬಲ.

ದೇಹ ಸೇರಿದ ಫ್ಲೋರೈಡಿನಲ್ಲಿ ಸುಮಾರು ಅರ್ಧವನ್ನು ಆರೋಗ್ಯವಂತ ವಯಸ್ಕರ ಮೂತ್ರಪಿಂಡಗಳು ಹೊರಹಾಕುತ್ತವೆ. ಉಳಿದದ್ದರಲ್ಲಿ ನೂರಕ್ಕೆ 99 ಪಾಲು ಎಲುಬು ಹಲ್ಲುಗಳಲ್ಲಿ ನೆಲೆಸುತ್ತದೆ. ಬೆಳೆಯುವ ಮಕ್ಕಳ ಎಲುಬು ಇನ್ನೂ ಹೆಚ್ಚು ಹೀರಿಕೊಳ್ಳುತ್ತದೆ. ಮೂತ್ರಪಿಂಡ ಕುಂದಿದವರಲ್ಲಿ ಹೊರಹೋಗುವ ಪಾಲು ಕಡಿಮೆಯಾಗಿ ಒಳಗುಳಿಯುವ ಪಾಲು ಏರುತ್ತದೆ. ಮೇಲೆ ಹೇಳಿದ ನೋವಿನ ಗುಳಿಗೆಯ ವಿಚಾರ ಇಲ್ಲಿ ಬರುತ್ತದೆ. ವೈದ್ಯರ ಸಲಹೆಯಿಲ್ಲದೆ ವರ್ಷಗಟ್ಟಲೆ ನುಂಗುವ ನೋವುನಿವಾರಕಗಳು ಮೂತ್ರಪಿಂಡಕ್ಕೆ ಹಾನಿ ಮಾಡಬಲ್ಲವು. ಹಾನಿಯಾದ ಮೂತ್ರಪಿಂಡ ಫ್ಲೋರೈಡನ್ನು ಬಿಟ್ಟುಕೊಡದು, ನೋವು ಹೆಚ್ಚುತ್ತದೆ, ಗುಳಿಗೆಯೂ ಹೆಚ್ಚುತ್ತದೆ. ನಮ್ಮ ಹಳ್ಳಿಗಳಲ್ಲಿ ಈ ಸುಳಿಗೆ ಸಿಕ್ಕವರು ಕಡಿಮೆಯಿಲ್ಲ ಎಂಬುದು ನಮ್ಮ ಆತಂಕ.

ರೋಗ ಮುಂದುವರಿದಂತೆ ಎಲುಬಿಗೆ ಎಲುಬನ್ನು ಬಿಗಿದು ಹಿಡಿಯುವ ನಾರಿನಂಥ ಕಟ್ಟುಗಳಲ್ಲಿ ಸುಣ್ಣದಂಶ ಕೂಡತೊಡಗುತ್ತದೆ. ಬಾಗಬೇಕಾದ ನಾರು ಎಲುಬಾಗುತ್ತದೆ. ಬೆನ್ನುಹುರಿಯ ಸಾಲಿನಲ್ಲಿ ಹೀಗಾದಾಗ ಮಣಿಮಣಿಯಾಗಿದ್ದ ಬೆನ್ನೆಲುಬು ಒಂದೇ ಕೋಲಿನಂತೆ ಬಿಗಿಯುತ್ತದೆ. ಕೊನೆಯ ಹಂತದಲ್ಲಿ, ಬೆನ್ನುಹುರಿ ಹಾದುಹೋಗುವ ನಾಳವೇ ಕಿರಿದಾಗಿ ನರಗಳು ಅದುಮಿಹೋಗುತ್ತವೆ. ಕಾಲು ಸೆಟೆಯುತ್ತದೆ, ನಡಿಗೆ ಎಡವುತ್ತದೆ, ಮಲಮೂತ್ರದ ಹಿಡಿತ ತಪ್ಪುತ್ತದೆ.

ಮಕ್ಕಳಲ್ಲಿ ಇದರ ರೂಪ ಬೇರೆ. ಆಹಾರದಲ್ಲಿ ಕ್ಯಾಲ್ಸಿಯಂ ಸಾಲದ ಮಗುವಿಗೆ ಫ್ಲೋರೈಡಿನ ನೀರೂ ಸೇರಿದರೆ ಎಲುಬು ಮೆದುವಾಗಿ, ಮೊಣಕಾಲುಗಳು ಒಳಕ್ಕೆ ಬಾಗಿ ಒಂದಕ್ಕೊಂದು ತಾಗುತ್ತವೆ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ವಿಜ್ಞಾನಿಗಳು 1973ರಲ್ಲಿ ಆಂಧ್ರದ ಹಳ್ಳಿಗಳಲ್ಲಿನ ಈ ವಿಕಾರವನ್ನು ವೈದ್ಯಲೋಕದ ಗಮನಕ್ಕೆ ತಂದರು. ಅದಕ್ಕೂ ಮುನ್ನ 1937ರಲ್ಲಿಯೇ ಅಂದಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಲ್ಲಿ ಶಾರ್ಟ್ ಮತ್ತು ಸಂಗಡಿಗರು ಈ ರೋಗವನ್ನು ಭಾರತದಲ್ಲಿ ಮೊದಲಿಗೆ ದಾಖಲಿಸಿದ್ದರು. ಜಗತ್ತಿನಲ್ಲಿ ಇದರ ಸುಳಿವು ಸಿಕ್ಕಿದ್ದು 1932ರಲ್ಲಿ, ಡೆನ್ಮಾರ್ಕಿನ ಕೋಪನ್‌ಹೇಗನ್ನಿನಲ್ಲಿ: ಫ್ಲೋರಿನ್ ಇರುವ ಕ್ರಯೋಲೈಟ್ ಎಂಬ ಖನಿಜದ ಧೂಳಿನಲ್ಲಿ ದುಡಿಯುತ್ತಿದ್ದ ಕಾರ್ಮಿಕರ ಎಕ್ಸ್‌ರೇ ನೋಡಿದ ವೈದ್ಯರಿಗೆ ಎಲುಬುಗಳು ಅಸಹಜವಾಗಿ ಬೆಳ್ಳಗೆ, ದಟ್ಟವಾಗಿ ಕಂಡವು.

ಪತ್ತೆ ಹಚ್ಚುವ ಬಗೆ

ಫ್ಲೋರೋಸಿಸ್‌ನ ಪತ್ತೆ ಆರಂಭವಾಗುವುದು ಒಂದು ಪ್ರಶ್ನೆಯಿಂದ: ಯಾವ ಊರಿನ ಯಾವ ನೀರನ್ನು ಎಷ್ಟು ವರ್ಷ ಕುಡಿದಿರಿ? ವೈದ್ಯರು ಕೇಳದಿದ್ದರೂ ರೋಗಿ ತಾನಾಗಿಯೇ ಇದನ್ನು ಹೇಳಬೇಕು. ದೂರದ ನಗರದ ವೈದ್ಯರಿಗೆ ನಮ್ಮ ಊರಿನ ಕೊಳವೆಬಾವಿಯ ಕಥೆ ಹೇಗೆ ತಿಳಿದೀತು?

ಅನಂತರ ಹಲ್ಲು. ಎಳವೆಯಲ್ಲಿ, ಅಂದರೆ ಸುಮಾರು ಎಂಟು ವರ್ಷದೊಳಗೆ, ಶಾಶ್ವತ ಹಲ್ಲುಗಳು ದವಡೆಯೊಳಗೆ ರೂಪುಗೊಳ್ಳುವಾಗ ಫ್ಲೋರೈಡ್ ಹೆಚ್ಚಾದರೆ ಹಲ್ಲಿನ ಹೊಳಪು ಮಾಸಿ ಸುಣ್ಣದಂಥ ಬಿಳಿ ಮಚ್ಚೆಗಳು, ಮುಂದೆ ಹಳದಿ ಅಥವಾ ಕಂದು ಬಣ್ಣದ ಅಡ್ಡಪಟ್ಟಿಗಳು ಮೂಡುತ್ತವೆ. ಎಡಬಲದ ಹಲ್ಲುಗಳಲ್ಲಿ ಅವು ಜೋಡಿಯಾಗಿ ಕಾಣುತ್ತವೆ. ಎಷ್ಟು ತಿಕ್ಕಿದರೂ ಹೋಗವು. ಎಲೆ ಅಡಿಕೆ, ತಂಬಾಕಿನ ಕರೆ ಹಾಗಲ್ಲ, ಅದು ವಸಡಿನ ಅಂಚಿನಲ್ಲಿ ಮೆತ್ತಿಕೊಂಡಿರುತ್ತದೆ. ಶಾಲೆಯ ಮಕ್ಕಳ ಹಲ್ಲು ನೋಡಿ ಆ ಊರಿನ ನೀರಿನ ಬಗ್ಗೆ ಅನುಮಾನಿಸಬಹುದು.

ಆದರೆ ಹಲ್ಲು ಶುಭ್ರವಾಗಿದೆಯೆಂದು ಎಲುಬಿನ ರೋಗವನ್ನು ಅಲ್ಲಗಳೆಯುವಂತಿಲ್ಲ. ಒಳ್ಳೆಯ ನೀರಿನ ಊರಿನಲ್ಲಿ ಹುಟ್ಟಿ ಬೆಳೆದು, ಮದುವೆಯಾಗಿ ಫ್ಲೋರೈಡಿನ ಊರಿಗೆ ಬಂದ ಸೊಸೆಯ ಹಲ್ಲು ಮುತ್ತಿನಂತಿರುತ್ತದೆ. ಇಪ್ಪತ್ತು ವರ್ಷ ಆ ನೀರು ಕುಡಿದ ಅವಳ ಬೆನ್ನು ಮಾತ್ರ ಬಾಗದು. ಇಂಥ ತಾಯಂದಿರ ನೋವನ್ನು 'ಹೆರಿಗೆಯ ನಂತರದ ಸೊಂಟನೋವು' ಎಂದು ಮನೆಯವರೇ ತಳ್ಳಿಹಾಕುವುದನ್ನು ನಾವು ಕಂಡಿದ್ದೇವೆ.

ಮೂರು ಸರಳ ಚಲನೆಗಳಿಂದ ಆರೋಗ್ಯ ಕಾರ್ಯಕರ್ತರು ಹಳ್ಳಿಯಲ್ಲಿಯೇ ಪ್ರಾಥಮಿಕ ತಪಾಸಣೆ ಮಾಡುತ್ತಾರೆ. ಮೊಣಕಾಲು ಮಡಿಸದೆ ಬಾಗಿ ಕಾಲ್ಬೆರಳು ಮುಟ್ಟುವುದು, ಗದ್ದವನ್ನು ಎದೆಗೆ ತಾಗಿಸುವುದು, ಕೈಗಳನ್ನು ಚಾಚಿ ಮಡಿಸಿ ತಲೆಯ ಹಿಂಭಾಗವನ್ನು ಮುಟ್ಟುವುದು. ಇವು ಆಗದಿದ್ದರೆ ಫ್ಲೋರೋಸಿಸ್ಸೇ ಎಂದು ಅರ್ಥವಲ್ಲ, ಮುಂದಿನ ಪರೀಕ್ಷೆ ಬೇಕೆಂದು ಅರ್ಥ.

ಮುಂದಿನ ಪರೀಕ್ಷೆಗಳಲ್ಲಿ ಮುಖ್ಯವಾದುದು ಮುಂಗೈಯ ಎಕ್ಸ್‌ರೇ. ನೋವು ಸೊಂಟದಲ್ಲಿರುವಾಗ ಕೈಯ ಚಿತ್ರವೇಕೆ ಎಂದು ಭಕ್ತರೊಬ್ಬರು ನಮ್ಮನ್ನು ಕೇಳಿದ್ದುಂಟು. ಮೊಣಕೈಯಿಂದ ಮಣಿಕಟ್ಟಿನವರೆಗೆ ಎರಡು ಎಲುಬುಗಳಿವೆ, ಅವುಗಳ ನಡುವೆ ತೆಳುವಾದ ಒಂದು ಪೊರೆ ಇದೆ. ಆರೋಗ್ಯವಂತರ ಎಕ್ಸ್‌ರೇಯಲ್ಲಿ ಆ ಪೊರೆ ಕಾಣಿಸುವುದೇ ಇಲ್ಲ. ಫ್ಲೋರೋಸಿಸ್‌ನಲ್ಲಿ ಅದರಲ್ಲಿ ಸುಣ್ಣದಂಶ ಕೂಡಿ, ಎರಡು ಎಲುಬುಗಳ ನಡುವೆ ಮುಳ್ಳುಮುಳ್ಳಾದ ಬಿಳಿಯ ಅಂಚು ಗೋಚರಿಸುತ್ತದೆ. ಬೆನ್ನು ಮತ್ತು ಕಟಿಯ ಎಲುಬುಗಳಲ್ಲಿ ದಟ್ಟ ಬಿಳುಪು ಕಾಣುತ್ತದೆ. ಆದರೂ ಒಂದು ಮಾತು: ರೋಗದ ಆರಂಭದಲ್ಲಿ ಎಕ್ಸ್‌ರೇ ಏನನ್ನೂ ತೋರಿಸದೆ ಇರಬಹುದು, ನೋವು ಮೊದಲೇ ಬಂದಿರುತ್ತದೆ. ಆಗ ಮೂತ್ರದಲ್ಲಿನ ಫ್ಲೋರೈಡ್ ಮತ್ತು ಕುಡಿಯುವ ನೀರಿನ ಫ್ಲೋರೈಡ್ ಇವೆರಡರ ಅಳತೆ ದಾರಿ ತೋರಿಸುತ್ತದೆ.

ಇನ್ನು ಬೇರೆ ರೋಗಗಳಿಂದ ಇದನ್ನು ಬೇರ್ಪಡಿಸುವ ವಿಚಾರ. ವಯಸ್ಸಿನ ಮೊಣಕಾಲು ಸವೆತದಲ್ಲಿ ನೋವು ಮುಖ್ಯವಾಗಿ ಆ ಕೀಲಿನಲ್ಲಿರುತ್ತದೆ, ಮೆಟ್ಟಿಲು ಹತ್ತುವಾಗ ಹೆಚ್ಚಿ ವಿಶ್ರಾಂತಿಯಿಂದ ತಗ್ಗುತ್ತದೆ. ಎಕ್ಸ್‌ರೇಯಲ್ಲಿ ಕೀಲಿನ ನಡುವಿನ ಜಾಗ ಕಿರಿದಾಗಿರುತ್ತದೆ. ರುಮಟಾಯ್ಡ್ ಸಂಧಿವಾತದಲ್ಲಿ ಕೈಬೆರಳುಗಳ ಸಣ್ಣ ಕೀಲುಗಳು ಊದಿಕೊಂಡು, ಬೆಳಗಿನ ಬಿಗಿತ ಒಂದು ಗಂಟೆಗೂ ಮೀರಿ ಉಳಿಯುತ್ತದೆ. ರಕ್ತಪರೀಕ್ಷೆಯಲ್ಲಿ ಉರಿಯೂತದ ಸೂಚನೆ ದೊರೆಯುತ್ತದೆ. ಅದಕ್ಕೆ ಪರಿಣಾಮಕಾರಿ ಔಷಧಗಳಿವೆ, ಬೇಗ ಆರಂಭಿಸಿದಷ್ಟೂ ಕೀಲು ಉಳಿಯುತ್ತದೆ. ಆದಕಾರಣ ಫ್ಲೋರೈಡಿನ ಊರಿನವರೆಂದ ಮಾತ್ರಕ್ಕೆ ಎಲ್ಲ ನೋವನ್ನೂ ನೀರಿನ ತಲೆಗೆ ಕಟ್ಟುವುದೂ ಅಪಾಯವೇ.

ಹೆಚ್ಚು ಗೊಂದಲ ಹುಟ್ಟಿಸುವುದು ಆಂಕೈಲೋಸಿಂಗ್ ಸ್ಪಾಂಡಿಲೈಟಿಸ್. ಅಲ್ಲಿಯೂ ಬೆನ್ನು ಕೋಲಾಗುತ್ತದೆ. ಆದರೆ ಅದು ಸಾಮಾನ್ಯವಾಗಿ ಹರೆಯದಲ್ಲಿ, ನಲವತ್ತಕ್ಕೆ ಮೊದಲೇ ಆರಂಭವಾಗುತ್ತದೆ. ಮಲಗಿದರೆ ನೋವು ಹೆಚ್ಚಿ ನಡೆದಾಡಿದರೆ ಕಡಿಮೆಯಾಗುತ್ತದೆ. ಕಟಿಯೂ ಬೆನ್ನೂ ಕೂಡುವ ಕೀಲಿನಲ್ಲಿ ಮೊದಲ ಗುರುತು ಕಾಣುತ್ತದೆ. ಮುದಿ ಪ್ರಾಯದ ಗಂಡಸರ ಎಲುಬು ಬೆಳ್ಳಗೆ ದಟ್ಟವಾಗಿ ಕಂಡಾಗ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್ ಎಲುಬಿಗೆ ಹಬ್ಬಿರಬಹುದೇ ಎಂದೂ ವೈದ್ಯರು ನೋಡಬೇಕಾಗುತ್ತದೆ. ಎಲುಬಿನ ಸಾಂದ್ರತೆ ಅಳೆಯುವ ಡೆಕ್ಸಾ ಪರೀಕ್ಷೆಯಂತೂ ಫ್ಲೋರೋಸಿಸ್ ಇದ್ದವರಲ್ಲಿ ದಾರಿ ತಪ್ಪಿಸಬಲ್ಲದು. ಸಂಖ್ಯೆ ಚೆನ್ನಾಗಿ ಬರುತ್ತದೆ, ಎಲುಬು ಮಾತ್ರ ಪೆಡಸಾಗಿರುತ್ತದೆ.

ಒಂದೇ ಊರಿನಲ್ಲಿ ಹಲವರಿಗೆ ಬಂದ ಎಲುಬಿನ ರೋಗವೆಲ್ಲ ನೀರಿನದೇ ಆಗಿರಬೇಕಿಲ್ಲ ಎಂಬುದಕ್ಕೆ ನಮ್ಮ ನಾಡಿನಲ್ಲೇ ಒಂದು ಉದಾಹರಣೆಯಿದೆ. ಶಿವಮೊಗ್ಗ ಜಿಲ್ಲೆ ಸಾಗರ ತಾಲ್ಲೂಕಿನ ಹಂದಿಗೋಡು ಗ್ರಾಮದಲ್ಲಿ 1970ರ ದಶಕದಲ್ಲಿ ಸೊಂಟ, ಮೊಣಕಾಲುಗಳ ಕೀಲು ಕೆಟ್ಟು ನಡೆಯಲಾರದವರು ಗುಂಪಾಗಿ ಕಂಡುಬಂದರು. ಗದ್ದೆಯ ಏಡಿಗಳಲ್ಲಿ ಸೇರಿದ ಕೀಟನಾಶಕವೇ ಕಾರಣವೆಂಬ ಶಂಕೆ ಮೊದಲಿಗೆ ಬಲವಾಗಿತ್ತು. ಮುಂದಿನ ಅಧ್ಯಯನಗಳು ಅದು ಕೆಲವು ಕುಟುಂಬಗಳಲ್ಲಿ ವಂಶಪಾರಂಪರ್ಯವಾಗಿ ಬರುವ ಎಲುಬಿನ ಬೆಳವಣಿಗೆಯ ದೋಷವೆಂದು ತೋರಿಸಿಕೊಟ್ಟವು. ಅಲ್ಲಿ ಕುಟುಂಬದಿಂದ ಕುಟುಂಬಕ್ಕೆ ವ್ಯತ್ಯಾಸ. ಫ್ಲೋರೋಸಿಸ್‌ನಲ್ಲಿ ಬಾವಿಯಿಂದ ಬಾವಿಗೆ ವ್ಯತ್ಯಾಸ. ಪತ್ತೆ ಸರಿಯಾಗದೆ ಪರಿಹಾರ ಸರಿಯಾಗದು.

ಮಾಡಬಾರದ್ದು, ಮಾಡಬಹುದಾದದ್ದು

ಎಲುಬಿನಲ್ಲಿ ಕೂಡಿದ ಫ್ಲೋರೈಡನ್ನು ಕಿತ್ತು ತೆಗೆಯುವ ಔಷಧ ಇಲ್ಲ. ಹಾಗೆಂದು ಯಾರಾದರೂ ಮಾರಿದರೆ ಕೊಳ್ಳಬೇಡಿರಿ. ನೀರನ್ನು ಬದಲಿಸುವುದೇ ಚಿಕಿತ್ಸೆಯ ಮೊದಲ ಮತ್ತು ದೊಡ್ಡ ಭಾಗ. ಆರಂಭದ ಹಂತದವರಲ್ಲಿ ನೀರು ಬದಲಾದ ಮೇಲೆ ನೋವು ಇಳಿಯುತ್ತದೆ, ಎಲುಬಿನಿಂದ ಫ್ಲೋರೈಡ್ ವರ್ಷಗಳ ಕಾಲ ನಿಧಾನವಾಗಿ ಹೊರಬರುತ್ತದೆ. ಹಾಲು, ಮಜ್ಜಿಗೆ, ರಾಗಿ, ನೆಲ್ಲಿಕಾಯಿ, ಸೊಪ್ಪುಗಳಿಂದ ದೊರೆಯುವ ಕ್ಯಾಲ್ಸಿಯಂ ಮತ್ತು ಸಿ ಜೀವಸತ್ವ ಮಕ್ಕಳಿಗೂ ಬಸುರಿಯರಿಗೂ ವಿಶೇಷವಾಗಿ ಬೇಕು. ಕಪ್ಪು ಉಪ್ಪನ್ನೂ ಹಾಲಿಲ್ಲದ ಗಟ್ಟಿ ಚಹಾವನ್ನೂ ಕಡಿಮೆ ಮಾಡುವುದು ಒಳಿತು, ಅವುಗಳಲ್ಲಿಯೂ ಫ್ಲೋರೈಡ್ ಇದೆ. ಬಿಗಿದ ಕತ್ತು ಬೆನ್ನುಗಳನ್ನು ಬಲವಂತವಾಗಿ ಎಳೆದು ತಿರುವಿ 'ಸಡಿಲಿಸುವ' ಕೆಲಸವನ್ನು ಯಾರಿಂದಲೂ ಮಾಡಿಸಕೂಡದು. ಪೆಡಸಾದ ಎಲುಬು ಮುರಿದು ಬೆನ್ನುಹುರಿಗೆ ಪೆಟ್ಟಾಗುವ ಭಯವಿದೆ. ಕಾಲು ಸೆಟೆಯುವುದು, ಮೂತ್ರದ ಹಿಡಿತ ತಪ್ಪುವುದು ಆರಂಭವಾದರೆ ತಡಮಾಡದೆ ದೊಡ್ಡ ಆಸ್ಪತ್ರೆಗೆ ಹೋಗಬೇಕು, ಅಲ್ಲಿ ಶಸ್ತ್ರಚಿಕಿತ್ಸೆಯಿಂದ ನರದ ಒತ್ತಡ ತಗ್ಗಿಸುವ ಸಾಧ್ಯತೆಯಿದೆ.

ನೀರು ಕುದಿಸಿದರೆ ಕ್ರಿಮಿ ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಉಳಿದದ್ದರಲ್ಲಿ ಅದು ಸ್ವಲ್ಪ ಹೆಚ್ಚೇ ಆಗುತ್ತದೆ. ಬಟ್ಟೆಯ ಸೋಸುವಿಕೆಯಿಂದಲೂ ಸಾಮಾನ್ಯ ಕ್ಯಾಂಡಲ್ ಫಿಲ್ಟರಿನಿಂದಲೂ ಪ್ರಯೋಜನವಿಲ್ಲ. ಊರಿನ ಶುದ್ಧ ನೀರಿನ ಘಟಕದ ಆರ್.ಒ. ಯಂತ್ರ ಫ್ಲೋರೈಡನ್ನು ತೆಗೆಯುತ್ತದೆ, ಆದರೆ ಅದರ ಪೊರೆಯನ್ನು ಕಾಲಕಾಲಕ್ಕೆ ಬದಲಿಸಿದ್ದರೆ ಮಾತ್ರ. ನಾಣ್ಯ ಹಾಕಿ ಕ್ಯಾನು ತುಂಬಿಸಿಕೊಳ್ಳುವ ನಾವು ಆ ನೀರಿನ ಪರೀಕ್ಷಾ ವರದಿಯನ್ನು ಎಂದಾದರೂ ಕೇಳಿದ್ದೇವೆಯೇ? ಮನೆಗೆ ಘಟಕದ ನೀರು ತಂದು ಕುಡಿದು, ಅಡುಗೆಗೆ ಮಾತ್ರ ಕೊಳವೆಬಾವಿಯ ನೀರನ್ನೇ ಬಳಸುವ ಪದ್ಧತಿಯೂ ಬಹಳ ಕಡೆ ಇದೆ. ಬೇಯಿಸುವ ನೀರೂ ಕುಡಿಯುವ ನೀರೇ. ಮಾಳಿಗೆಯ ಮೇಲೆ ಬಿದ್ದ ಮಳೆನೀರಿನಲ್ಲಿ ಫ್ಲೋರೈಡ್ ಇಲ್ಲವೆಂಬಷ್ಟು ಕಡಿಮೆ. ಮೊದಲ ಮಳೆಯನ್ನು ಹರಿಯಬಿಟ್ಟು ಅನಂತರದ್ದನ್ನು ಮುಚ್ಚಿದ ತೊಟ್ಟಿಯಲ್ಲಿ ಸಂಗ್ರಹಿಸಿದರೆ ಒಂದು ಮನೆಯ ಕುಡಿಯುವ, ಬೇಯಿಸುವ ನೀರಿಗೆ ದೊಡ್ಡ ಆಸರೆಯಾಗುತ್ತದೆ.

ಈ ರೋಗದ ಸುತ್ತ ಬೆಳೆದ ಒಂದು ನೋವಿನ ಮಾತನ್ನೂ ಹೇಳಲೇಬೇಕು. 'ಆ ಊರಿಗೆ ಹೆಣ್ಣು ಕೊಡಬೇಡಿ, ಅವರದು ಕುಂಟು ವಂಶ' ಎಂಬ ಮಾತು ಕಂಕಣ ಕೂಡುವ ಮನೆಗಳಲ್ಲಿ ಕೇಳಿಬರುತ್ತದೆ. ಫ್ಲೋರೋಸಿಸ್ ವಂಶದಿಂದ ಬರುವುದಿಲ್ಲ, ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಕಂದು ಹಲ್ಲಿನ ಹುಡುಗಿ ನಗಲು ನಾಚಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಳ್ಳಬೇಕಾಗಿಲ್ಲ. ಹಲ್ಲಿನ ಬಣ್ಣವನ್ನು ಮರೆಮಾಡುವ ಚಿಕಿತ್ಸೆ ದಂತವೈದ್ಯರಲ್ಲಿದೆ. ಪೂರ್ವಜನ್ಮದ ಕರ್ಮವೆಂದು ಇದನ್ನು ವಿವರಿಸುವವರಿಗೆ ನಾವು ಹೇಳುವುದಿಷ್ಟೇ: ಕರ್ಮ ಕೊಳವೆಬಾವಿಯನ್ನು ನೋಡಿ ಮನೆ ಆರಿಸಿಕೊಳ್ಳುವುದಿಲ್ಲ.

ಕೇಂದ್ರ ಸರ್ಕಾರ 2008–09ರಲ್ಲಿ ಫ್ಲೋರೋಸಿಸ್ ತಡೆ ಮತ್ತು ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿದೆ. ರೋಗ ವ್ಯಾಪಕವಾಗಿರುವ ಜಿಲ್ಲೆಗಳನ್ನು ಅದರ ವ್ಯಾಪ್ತಿಗೆ ತರಲಾಗಿದೆ. ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಪ್ರಯೋಗಾಲಯಗಳಲ್ಲಿ ನೀರಿನ ಪರೀಕ್ಷೆ ಮಾಡಿಸಬಹುದು. ಮಾದರಿ ತೆಗೆಯುವಾಗ ಗಾಜಿನ ಬಾಟಲಿ ಬೇಡ, ಸ್ವಚ್ಛವಾದ ಪ್ಲಾಸ್ಟಿಕ್ ಬಾಟಲಿ ಸಾಕು. ಪಂಪನ್ನು ಕೆಲವು ನಿಮಿಷ ಓಡಿಸಿ, ಅದೇ ನೀರಿನಿಂದ ಬಾಟಲಿಯನ್ನು ಎರಡು ಮೂರು ಬಾರಿ ತೊಳೆದು, ಒಂದು ಲೀಟರಿನಷ್ಟು ತುಂಬಿ ಬಿರಡೆ ಬಿಗಿಯಬೇಕು. ಊರು, ಓಣಿ, ಯಾರ ಹೊಲದ ಅಥವಾ ಯಾವ ಟ್ಯಾಂಕಿನ ನೀರು, ತುಂಬಿದ ದಿನಾಂಕ ಇವನ್ನು ಬಾಟಲಿಯ ಮೇಲೆ ಬರೆಯಬೇಕು. ಒಂದೇ ಊರಿನ ಎರಡು ಕೊಳವೆಬಾವಿಗಳ ಫಲಿತಾಂಶ ಬೇರೆ ಬೇರೆಯಾಗಿರಬಲ್ಲದು, ಆದ್ದರಿಂದ ಒಂದೊಂದಕ್ಕೂ ಒಂದೊಂದು ಬಾಟಲಿ. ಬೇಸಿಗೆಯಲ್ಲೊಮ್ಮೆ, ಮಳೆಗಾಲ ಮುಗಿದ ಮೇಲೊಮ್ಮೆ ಮಾಡಿಸಿದ ವರದಿಗಳನ್ನು ರೋಗಿಯ ಎಕ್ಸ್‌ರೇ ಚಿತ್ರಗಳ ಜೊತೆಗಿಟ್ಟುಕೊಂಡು ವೈದ್ಯರಲ್ಲಿಗೆ ಹೋಗಬೇಕು.